ಬಾಗಿದ ಪಟ್ಟಿ ಮತ್ತೆ ನೇರ ಆಗಲಿಲ್ಲವೇ? ತಪ್ಪು ಫಿಲಮೆಂಟ್‌ನದಲ್ಲ

ಪ್ರಶ್ನೆ: 3ಡಿ ಪ್ರಿಂಟರಿನಲ್ಲಿ ಪಿಎಲ್‌ಎ ಎಂಬ ಪ್ಲಾಸ್ಟಿಕ್ಕಿನ ಫಿಲಮೆಂಟ್ (ಪ್ರಿಂಟರಿಗೆ ಹಾಕುವ ದಾರ) ಬಳಸಿ ಚಪ್ಪಟೆ ಪಟ್ಟಿ ಪ್ರಿಂಟ್ ಮಾಡಿ ಬಿಸಿನೀರಿಗೆ ಹಾಕಿದೆ. ಚೆನ್ನಾಗಿ ಬಾಗಿತು. ತಣ್ಣಗಾದ ಮೇಲೆ ಮಾತ್ರ ನೇರ ಆಗಲಿಲ್ಲ. ‘ನಿಮಗೆ 4ಡಿ ಫಿಲಮೆಂಟ್ ಬೇಕು’ ಅಂತಾರೆ ಮಾರುವವರು. ಕೊಳ್ಳಲೇ?

ಕೊಳ್ಳಬೇಡಿ. 4ಡಿ ಅಂದರೆ ಪ್ರಿಂಟ್ ಮಾಡಿದ ವಸ್ತು ಆಮೇಲೆ ತಾನೇ ಆಕಾರ ಬದಲಿಸುವುದು, ಅಷ್ಟೇ. ಈ ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ. ಕಲಿಯಲು ಹೊರಟವರಿಗೆ ಹೀಗೆ ಹೆಸರು ಹೇಳಿ ಮಾರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಿಮ್ಮ ಫಿಲಮೆಂಟ್ ಸರಿಯಾಗಿಯೇ ಇದೆ.

ಪ್ರಿಂಟರಿನ ನಾಜಲ್ (ಪ್ಲಾಸ್ಟಿಕ್ ಹೊರಬರುವ ಮೂತಿ) ಓಡುತ್ತಾ ಬಿಸಿ ಪ್ಲಾಸ್ಟಿಕ್ಕನ್ನು ಗೆರೆಯಾಗಿ ಎಳೆಯುತ್ತದೆ. ಆ ಬಿಗಿ ಸಡಿಲವಾಗುವ ಮೊದಲೇ ಗೆರೆ ತಣ್ಣಗಾಗಿ ಗಟ್ಟಿಯಾಗುತ್ತದೆ. ಪಿಎಲ್‌ಎ ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೆತ್ತಗಾಗುತ್ತದೆ. ಆಗ ಒಳಗಿನ ಬಿಗಿ ಬಿಚ್ಚಿಕೊಂಡು, ಗೆರೆ ತನ್ನ ಉದ್ದಕ್ಕೆ ಕುಗ್ಗುತ್ತದೆ. ಎಲ್ಲ ಪದರದ ಗೆರೆಗಳೂ ಉದ್ದಕ್ಕೇ ಇದ್ದರೆ ಪಟ್ಟಿ ಸುಮ್ನೆ ಗಿಡ್ಡವಾಗುತ್ತದೆ. ಒಂದು ಪದರ ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ ಇದ್ದರೆ ಉದ್ದ ಗೆರೆಗಳ ಕಡೆಗೆ ಬಾಗುತ್ತದೆ. ಪ್ರಿಂಟ್ ವೇಗ ಹೆಚ್ಚಿಸಿದರೆ ಸಾಮಾನ್ಯವಾಗಿ ಬಿಗಿಯೂ ಜಾಸ್ತಿ, ಬಾಗುವುದೂ ಜಾಸ್ತಿ.

ಬಿಗಿ ಒಮ್ಮೆ ಬಿಟ್ಟುಹೋದರೆ ಮುಗಿಯಿತು. ತಣ್ಣಗಾಗುವಾಗ ಪಟ್ಟಿಯನ್ನು ಹಿಂದಕ್ಕೆ ತರುವ ಬಲ ಎಲ್ಲಿಂದ ಬರಬೇಕು?

ಅದೇ ಪಟ್ಟಿಯನ್ನು ಮತ್ತೆ ಬಿಸಿ ಮಾಡಿ, ಚಪ್ಪಟೆಯಾಗಿ ಒತ್ತಿ ತಣ್ಣಗಾಗಲು ಬಿಡಿ. ಒತ್ತಲು ಇಕ್ಕಳ, ಹಲಗೆ ಬಳಸಿ, ಬರಿಗೈ ಬೇಡ. ಮತ್ತೆ ಬಿಸಿನೀರಿಗೆ ಹಾಕಿದರೆ ಬಹುಮಟ್ಟಿಗೆ ಬಾಗಿದ ಆಕಾರಕ್ಕೇ ಹೋಗುತ್ತದೆ. ಈಗ ಅದರ ನೆನಪಿನಲ್ಲಿರುವುದು ಆ ಆಕಾರ, ಅಲ್ವಾ? ಪ್ರತಿ ಸಲವೂ ನೀವೇ ಚಪ್ಪಟೆ ಮಾಡಿಕೊಡಬೇಕು, ಅಷ್ಟೇ.

ತಾನಾಗಿಯೇ ಹೋಗಿ ಬರಬೇಕು ಅಂದರೆ ನೀರು ಕುಡಿದು ಉಬ್ಬುವ, ಒಣಗಿ ಕುಗ್ಗುವ ವಸ್ತು ಹಿಡಿಯಿರಿ. ಪೈನ್ ಮರದ ಕಾಯಿ ಒಣಗಿದಾಗ ತೆರೆದು, ನೆನೆದಾಗ ಮುಚ್ಚುವುದು ಹೀಗೆಯೇ. 2016ರಲ್ಲಿ ಹಾರ್ವರ್ಡ್‌ನವರು ಹೈಡ್ರೋಜೆಲ್‌ಗೆ (ನೀರು ಹೀರಿ ಉಬ್ಬುವ ಜೆಲ್) ಮರದ ಸೆಲ್ಯುಲೋಸ್ ನಾರು ಬೆರೆಸಿ ಪ್ರಿಂಟ್ ಮಾಡಿದ ಹೂಗಳು ನೀರಲ್ಲಿ ದಳ ಮಡಚಿದವು. ಅಲ್ಲೂ ಗುಟ್ಟು ಗೆರೆಗಳ ದಿಕ್ಕಿನಲ್ಲೇ ಇತ್ತು.

ಪ್ರಶ್ನೆ: 4ಡಿ ಪ್ರಿಂಟರ್ ಯಾವುದು ಒಳ್ಳೆಯದು?

4ಡಿಯಲ್ಲಿ ನಾಲ್ಕನೆಯ ಆಯಾಮ ಅಂದರೆ ಸಮಯ, ಬೇರೆ ಯಂತ್ರವಲ್ಲ. ನಿಮ್ಮ 3ಡಿ ಪ್ರಿಂಟರೇ ಸಾಕು.

ಪ್ರಶ್ನೆ: ಮಗನ ಬೆರಳು ಮುರಿದಿದೆ. ಮನೆಯಲ್ಲೇ ಪಟ್ಟಿ ಪ್ರಿಂಟ್ ಮಾಡಿ, ಬಿಸಿನೀರಲ್ಲಿ ಮೆತ್ತಗೆ ಮಾಡಿ ಸುತ್ತಬಹುದೇ?

ಬೇಡವೇ ಬೇಡ. 60 ಡಿಗ್ರಿ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮ ಸುಡುತ್ತದೆ. ಮೇಲಾಗಿ ಮೆತ್ತಗಾದ ಪಟ್ಟಿ ಕುಗ್ಗುತ್ತದೆ ಅಂತ ಈಗಷ್ಟೇ ಹೇಳಿದೆ. ಊದಿದ ಬೆರಳಿನ ಸುತ್ತ ಅದು ಬಿಗಿದುಕೊಂಡರೆ ರಕ್ತ ಓಡಾಟ ನಿಲ್ಲಬಹುದು. ಇವತ್ತೇ ಮೂಳೆ ಡಾಕ್ಟರಿಗೆ ತೋರಿಸಿ.