ಬಿತ್ತನೆ ಭತ್ತಕ್ಕೆ ಉಪ್ಪು ನೀರೇ ಏಕೆ?

ಪ್ರಶ್ನೆ: ಭತ್ತದ ಬಿತ್ತನೆ ಬೀಜವನ್ನು ಉಪ್ಪು ನೀರಿಗೆ ಹಾಕಿ ಜೊಳ್ಳು ತೆಗೆಯಿರಿ ಎನ್ನುತ್ತಾರೆ. ಬರೀ ನೀರು ಸಾಲದೆ? ಉಪ್ಪು ಹಾಕಿದರೆ ನೀರಿನ ಸಾಂದ್ರತೆ ಹೆಚ್ಚುವುದು ಹೇಗೆ?

ಉತ್ತರ: ಸಾಲದು. ಬರೀ ನೀರಿನಲ್ಲಿ ತೇಲುವುದು ಪೂರಾ ಪೊಳ್ಳು ಕಾಳು ಮಾತ್ರ. ಅರೆಬರೆ ತುಂಬಿದ ಕಾಳು ಗಟ್ಟಿ ಕಾಳಿನ ಜೊತೆಗೇ ತಳ ಸೇರುತ್ತದೆ. ಅದು ಮೊಳೆತರೂ ಸಸಿ ಬಡಕಲು.

ಒಂದು ಲೀಟರ್ ಜಾಗದಲ್ಲಿ ಎಷ್ಟು ತೂಕ ಹಿಡಿಸಿದೆ ಎಂಬುದೇ ಸಾಂದ್ರತೆ. 10 ಲೀಟರ್ ನೀರಿನ ತೂಕ 10 ಕೆ.ಜಿ. ಅದಕ್ಕೆ ಒಂದೂವರೆ ಕೆ.ಜಿ. ಉಪ್ಪು ಕರಗಿಸಿದರೆ ತೂಕ ಹನ್ನೊಂದೂವರೆ ಕೆ.ಜಿ. ಆಗುತ್ತದೆ, ಆದರೆ ನೀರು ಏರುವುದು ಅರ್ಧ ಲೀಟರಿನಷ್ಟೇ. ಪಾತ್ರೆಯಲ್ಲಿ ಅಳೆದಾಗ ಅದೇ ಉಪ್ಪು ಒಂದು ಲೀಟರಿಗೂ ಮಿಕ್ಕಿ ಇರುತ್ತದೆ! ಹರಳುಗಳ ನಡುವಿನ ಗಾಳಿ ಹೋಗುತ್ತದೆ. ಕರಗಿದ ಉಪ್ಪಿನ ಕಣಗಳು ನೀರಿನ ಕಣಗಳನ್ನು ಎಳೆದು ಒತ್ತಾಗಿ ಕೂರಿಸಿಕೊಳ್ಳುತ್ತವೆ. ತೂಕ ಏರಿದಷ್ಟು ಜಾಗ ಹಿಗ್ಗದ ಕಾರಣ ಸಾಂದ್ರತೆ ಲೀಟರಿಗೆ ಸುಮಾರು 1.09 ಕೆ.ಜಿ. ತಲುಪುತ್ತದೆ. ಅದಕ್ಕಿಂತ ಹಗುರವಾದ ಕಾಳೆಲ್ಲ ಮೇಲೆ ಬರುತ್ತದೆ.

ಹದ ನೋಡಲು ಕೋಳಿಮೊಟ್ಟೆ ಸಾಕು, ಆದರೆ ಹೊಸದೇ ಆಗಬೇಕು. ಮೊದಲು ಬರೀ ನೀರಿಗೆ ಬಿಡಿ. ತಳದಲ್ಲಿ ಅಡ್ಡಲಾಗಿ ಮಲಗಿದರೆ ಹೊಸದು. ಆಮೇಲೆ ಉಪ್ಪು ನೀರಿಗೆ ಬಿಡಿ, ಮೇಲೆ ತೇಲಿದರೆ ಹದ ಸರಿ. ಹಳೆಯ ಮೊಟ್ಟೆಯೊಳಗೆ ಗಾಳಿ ಹೆಚ್ಚಿರುವುದರಿಂದ ಉಪ್ಪು ಸಾಲದಿದ್ದರೂ ತೇಲಿಬಿಡುತ್ತದೆ. ಮೊಟ್ಟೆ ನಡುವೆಯೇ ನಿಂತಿತೆಂದರೆ ಉಪ್ಪು ತಳದಲ್ಲಿ ಉಳಿದಿದೆ ಎಂದು ತಿಳಿದು ಚೆನ್ನಾಗಿ ಕಲಕಿ.

ಬೀಜವನ್ನು ಮೂರ್ನಾಲ್ಕು ಕೆ.ಜಿ.ಯಂತೆ ಸುರಿದು ಕೈಯಾಡಿಸಿ. ಸಿಪ್ಪೆಗೆ ಗಾಳಿಗುಳ್ಳೆ ಅಂಟಿದ್ದರೆ ಗಟ್ಟಿ ಕಾಳೂ ತೇಲುತ್ತದೆ. ತೇಲಿದ್ದನ್ನು ಜರಡಿಯಲ್ಲಿ ಬಾಚಿ ತೆಗೆದು, ಉಳಿದದ್ದನ್ನು ತಡಮಾಡದೆ ಎರಡು ಮೂರು ಸಲ ಒಳ್ಳೆ ನೀರಿನಲ್ಲಿ ತೊಳೆಯಿರಿ. ಉಪ್ಪು ಉಳಿದರೆ ಮೊಳಕೆ ಕೆಡುತ್ತದೆ. ಪ್ರತಿ ಸಲವೂ ಬೀಜದೊಂದಿಗೆ ಸ್ವಲ್ಪ ಉಪ್ಪು ನೀರು ಹೋಗುತ್ತದೆ. ನೀರು ಸೇರಿಸಿದಾಗಲೆಲ್ಲ ಮೊಟ್ಟೆ ಬಿಟ್ಟು ನೋಡಿ, ಉಪ್ಪು ಹಾಕಿ. ಕೊನೆಯ ನೀರನ್ನು ಸಸಿಮಡಿಗಾಗಲಿ ಗದ್ದೆಗಾಗಲಿ ದಯವಿಟ್ಟು ಚೆಲ್ಲಬೇಡಿ.

ಪ್ರಶ್ನೆ: ಬಿಸಿ ನೀರಾದರೆ ಇನ್ನೂ ಹೆಚ್ಚು ಉಪ್ಪು ಕರಗಿ ಸಾಂದ್ರತೆ ಏರುವುದಿಲ್ಲವೆ?

ಉತ್ತರ: ಅಡುಗೆ ಉಪ್ಪಿನ ವಿಷಯದಲ್ಲಿ ಲಾಭ ತೀರಾ ಕಡಿಮೆ. 100 ಗ್ರಾಂ ನೀರಿನಲ್ಲಿ 20 ಡಿಗ್ರಿಗೆ ಸುಮಾರು 36 ಗ್ರಾಂ ಕರಗಿದರೆ, ಕುದಿವ ನೀರಿನಲ್ಲಿ 39 ಗ್ರಾಂ. ಮೇಲಾಗಿ ಕಾದ ನೀರು ಹಿಗ್ಗಿ ಸಾಂದ್ರತೆ ಇಳಿಯುತ್ತದೆ: 4 ಡಿಗ್ರಿಯಲ್ಲಿ ಲೀಟರಿಗೆ 1,000 ಗ್ರಾಂ ತೂಗುವ ನೀರು 80 ಡಿಗ್ರಿಯಲ್ಲಿ 972 ಗ್ರಾಂ. ಅಂಥ ಬಿಸಿಗೆ ಬೀಜದ ಜೀವವೂ ಹೋಗುತ್ತದೆ. ತಣ್ಣೀರಿನಲ್ಲೇ ಕಲಕಿ ಕರಗಿಸಿ.