ಚೀಟಿ ಫ್ರಿಜ್ಜಿನ ಮೇಲೆ, ಬೆಲ್ಲ ಮಾವನವರ ಜೇಬಿನಲ್ಲಿ

ಪ್ರಶ್ನೆ: ನಮ್ಮದು ಜಮಖಂಡಿ. ಮನೆಯಲ್ಲಿ ಐದು ಜನ. ಮಾವನವರಿಗೆ 71 ವರ್ಷ, ಶುಗರ್ ಬಂದು 15 ವರ್ಷ ಆಯ್ತು, ಈಗ ಬಿಪಿಯೂ ಇದೆ. ನನ್ನ ಗಂಡ ಆಸ್ಪತ್ರೆಯಿಂದ ಊಟದ ಚೀಟಿ ತಂದರು, ಫ್ರಿಜ್ಜಿಗೆ ಅಂಟಿಸಿದ್ದೇನೆ. ಬೇರೆ ಅಡುಗೆ ಮಾಡಿಕೊಟ್ಟರೆ ಮಾವ ತಟ್ಟೆ ಸರಿಸುತ್ತಾರೆ. ಅತ್ತೆ ಪಾಪ ಅಂತ ಉಪ್ಪಿನಕಾಯಿ ಬಡಿಸುತ್ತಾರೆ. ಬೆಲ್ಲವೇನು ಸಕ್ಕರೆಯೇ ಅಂತ ಮಾವ ಜೇಬಿನಲ್ಲೇ ಇಟ್ಟುಕೊಂಡಿರುತ್ತಾರೆ. ದಿನಾ ಜಗಳ. ಏನು ಮಾಡಲಿ?

ಉತ್ತರ: ಅಡುಗೆ ಮಾಡುವವರು ನೀವು, ಬಡಿಸುವವರು ಅತ್ತೆ, ತಿನ್ನುವವರು ಮಾವ, ಆದರೆ ಡಾಕ್ಟರ್ ಮಾತು ಕೇಳಿ ಬಂದವರು ನಿಮ್ಮ ಗಂಡ! ಮುಂದಿನ ಸಲ ನೀವೂ ಅತ್ತೆಯೂ ಮಾವನವರ ಜೊತೆ ಹೋಗಿ. ಚೀಟಿ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಬರೆಸಿಕೊಳ್ಳಿ. ಎಷ್ಟು ರೊಟ್ಟಿ, ಎಷ್ಟು ಪಲ್ಯ ಅಂತ ನಿಮ್ಮ ಮನೆ ಲೆಕ್ಕದಲ್ಲೇ ಕೇಳಿ. ಜೋಳದ ರೊಟ್ಟಿ ಅಂತ ಲೆಕ್ಕ ಬಿಡುವ ಹಾಗಿಲ್ಲ, ಅದೂ ಶುಗರ್ ಏರಿಸುತ್ತದೆ. ಬೆಲ್ಲವಂತೂ ಬಣ್ಣ ಬೇರೆಯಾದ ಸಕ್ಕರೆಯೇ. ಇದನ್ನು ನೀವು ಹೇಳಿದರೆ ಸೊಸೆಯ ಮಾತಾಗುತ್ತದೆ, ಡಾಕ್ಟರ್ ಬಾಯಿಂದಲೇ ಬರಲಿ.

ಬೇರೆ ಅಡುಗೆ ಇವತ್ತೇ ನಿಲ್ಲಿಸಿ. ಎಲ್ಲರೂ ಎಣ್ಣೆಗಾಯಿ ಉಣ್ಣುವಾಗ ಒಬ್ಬರ ಮುಂದೆ ಮಾತ್ರ ಸಪ್ಪೆ ಪಲ್ಯ ಇಟ್ಟರೆ ಯಾರಿಗಾದರೂ ಸಿಟ್ಟು ಬರುತ್ತದೆ, ಅಲ್ವಾ? ಇಡೀ ಮನೆಗೇ ಉಪ್ಪು ಇಳಿಸಿ. ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ ಇರಬೇಕು. ಉಪ್ಪಿನ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಖು ಬರೆಯಿರಿ. ಐದು ಜನಕ್ಕೆ 1 ಕೆಜಿ ಕಡಿಮೆಯೆಂದರೂ 40 ದಿನ ಬರಬೇಕು, ಅದೂ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯ ಉಪ್ಪೆಲ್ಲ ಸೇರಿ. ಎರಡೇ ವಾರಕ್ಕೆ ಖಾಲಿಯಾದರೆ ಅತ್ತೆಗೆ ಆ ಪ್ಯಾಕೆಟ್ ತೋರಿಸಿ, ಸಾಕು. ಸೋಡಿಯಂ ಕಡಿಮೆ ಇರುವ ಉಪ್ಪನ್ನು ಮಾತ್ರ ಡಾಕ್ಟರನ್ನು ಕೇಳದೆ ತರಬೇಡಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಕಿಡ್ನಿ ತೊಂದರೆ ಇದ್ದವರಿಗೆ ಅಪಾಯ.

ಹಾಗಂತ ಅರೆಹೊಟ್ಟೆ ಇಡಬೇಡಿ. ಈ ವಯಸ್ಸಿನಲ್ಲಿ ಮೈಯ ಮಾಂಸ ಬೇಗ ಕರಗುತ್ತದೆ. ಕಿಡ್ನಿ ಸರಿಯಿದ್ದರೆ ಹೆಸರುಕಾಳು, ಮಡಿಕೆಕಾಳು, ಮೊಸರು ದಿನಾ ಇರಲಿ, ಪಕ್ಕಕ್ಕೆ ಹಸಿ ಹಕ್ಕರಿಕಿ ಸೊಪ್ಪು. ಶ್ರಾವಣ ಸೋಮವಾರ ಉಪವಾಸ ಮಾಡುವವರಾದರೆ ಮಾತ್ರೆ ಹೇಗೆ ಅಂತ ಮೊದಲೇ ಕೇಳಿಕೊಳ್ಳಿ. ಕೆಲವು ಶುಗರ್ ಮಾತ್ರೆ ನುಂಗಿ ಊಟ ಬಿಟ್ಟರೆ ಶುಗರ್ ದಿಢೀರ್ ಇಳಿಯುತ್ತದೆ. ಬೆವರು, ಕೈನಡುಕ, ತಡವರಿಸುವ ಮಾತು ಕಂಡರೆ ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ಶುಗರ್ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಿ. ಇದು ಮನೆಯ ಮಕ್ಕಳಿಗೂ ಗೊತ್ತಿರಲಿ.

ಇನ್ನು ಜೇಬಿನ ಬೆಲ್ಲ. ನಮ್ಮಪ್ಪ ಜೋಳದ ಚೀಲದೊಳಗೆ ಅಚ್ಚು ಬಚ್ಚಿಡುತ್ತಿದ್ದರು, ನಾವು ಹುಡುಕಿದಷ್ಟೂ ಜಾಗ ಬದಲಿಸುತ್ತಿದ್ದರು. ಕೊನೆಗೆ ಅವ್ವನೇ ಕೇಳಿದಳು, ಯಾವುದನ್ನು ಬಿಡೋಕೆ ಆಗಲ್ಲ ಹೇಳ್ರಿ ಅಂತ. ಸಂಜೆಯ ಚಹಾ ಅಂದರು. ಅದಕ್ಕೆ ಮಾತ್ರ ಅರ್ಧ ಚಮಚ ಅಂತ ಡಾಕ್ಟರ್ ಎದುರೇ ಒಪ್ಪಂದವಾಯಿತು, ಚೀಲ ತಡಕುವುದನ್ನು ನಾವೂ ಬಿಟ್ಟೆವು. ನಿಮ್ಮ ಮಾವನವರನ್ನೂ ಒಮ್ಮೆ ಕೇಳಿ ನೋಡಿ. ಊರಿಂದ ಬರುವ ಮಗಳು ಅಳಿಯಂದಿರಿಗೂ ಒಂದು ಫೋನ್ ಮಾಡಿ, ಅಮೀನಗಡದ ಕರದಂಟಿನ ಬದಲು ಪೇರಲಹಣ್ಣು ತರಲಿ.