ಸೊರಗಿದ ಮುಖ ತುಂಬಿಕೊಳ್ಳಲೆಂದು ಕೊಡುವ ಸ್ಕಲ್ಪ್ಟ್ರಾ ಎಂಬ ಚುಚ್ಚುಮದ್ದು ಚುಚ್ಚಿಸಿಕೊಂಡ ಕೆಲವರ ಮುಖದಲ್ಲಿ ಗಂಟು ಏಕೆ ಕಟ್ಟುತ್ತದೆ? ಹೇಗೆ ಚುಚ್ಚಿದರೆ ಸರಿ?

ಹೆಚ್ಚಿನ ಗಂಟುಗಳ ಮೂಲ ಅದನ್ನು ಕಲಸಿದ, ಚುಚ್ಚಿದ ರೀತಿಯಲ್ಲೇ ಇರುತ್ತದೆ. ಇದು ಹಯಲುರಾನಿಕ್ ಆಸಿಡ್‌ನಂಥ ಜೆಲ್ ಅಲ್ಲ. ಬಾಟಲಿಯಲ್ಲಿ ಬರುವುದು ಪುಡಿ, ಪಾಲಿ-ಎಲ್-ಲ್ಯಾಕ್ಟಿಕ್ ಆಸಿಡ್‌ನ ಸಣ್ಣ ಕಣಗಳು. ಪ್ರತಿ ಕಣದ ಸುತ್ತ ದೇಹ ನಿಧಾನವಾಗಿ ಕೊಲಾಜನ್ (ಚರ್ಮಕ್ಕೆ ಬಿಗಿ ಕೊಡುವ ಪ್ರೊಟೀನು) ಹೆಣೆಯುತ್ತದೆ. ಕಣಗಳು ಒಂದೆಡೆ ಗುಡ್ಡೆಯಾದರೆ ಕೊಲಾಜನ್ನೂ ಅಲ್ಲೇ ಗುಡ್ಡೆಯಾಗುತ್ತದೆ.

ಹಿಂದೆ ಬಾಟಲಿಗೆ 3ರಿಂದ 5 ಮಿ.ಲೀ. ನೀರು ಸೇರಿಸುತ್ತಿದ್ದರು, ಆಗ ಗಂಟಿನ ಕಾಟವೂ ಜಾಸ್ತಿ. ಈಗಿನ ಕ್ರಮ 8 ಮಿ.ಲೀ. ಸ್ಟೆರೈಲ್ ನೀರು, ಜೊತೆಗೆ ಮರಗಟ್ಟಿಸುವ ಔಷಧ ಲಿಡೊಕೇನ್ 1 ಮಿ.ಲೀ.

ಕೆನ್ನೆಯಲ್ಲಾದರೆ ಚರ್ಮದ ಕೆಳಗಿನ ಕೊಬ್ಬಿನ ಪದರಕ್ಕೆ 25 ಗೇಜ್ ಕ್ಯಾನುಲಾ (ಮೊಂಡು ತುದಿಯ ತೆಳು ಕೊಳವೆ) ತೂರಿಸಿ, ಹಿಂದಕ್ಕೆ ಎಳೆಯುತ್ತಾ ಬೀಸಣಿಗೆಯ ಕಡ್ಡಿಗಳಂತೆ ಹರಡಬೇಕು. ಒಂದು ಎಳೆತಕ್ಕೆ 0.1–0.2 ಮಿ.ಲೀ. ಸಾಕು. ಕ್ಯಾನುಲಾ ಹೊರಬರುವ ಮುಂಚೆಯೇ ಒತ್ತುವುದನ್ನು ನಿಲ್ಲಿಸಬೇಕು. ಇಲ್ಲದಿದ್ದರೆ ಮೇಲ್ಪದರದಲ್ಲಿ ಕಣ ಉಳಿದು ಕಾಳಿನಂತೆ ಕೈಗೆ ಸಿಗುತ್ತದೆ. ಕಣತಲೆಯಲ್ಲಿ ಮೂಳೆಗೆ ತಾಗುವಷ್ಟು ಆಳಕ್ಕೆ ಸೂಜಿ ಇಳಿಸಿ ಹನಿಹನಿಯಾಗಿ ಬಿಡುವುದು ವಾಡಿಕೆ.

ನನ್ನ ಪ್ರಕಾರ ಅತಿ ಕೆಟ್ಟ ತಪ್ಪು ಎಂದರೆ ಸೂಜಿ ಕಟ್ಟಿಕೊಂಡಾಗ ಇನ್ನೂ ಜೋರಾಗಿ ಒತ್ತುವುದು. ತಡೆ ಥಟ್ಟನೆ ಬಿಟ್ಟು ಒಂದಿಡೀ ಮುದ್ದೆ ಒಂದೇ ಜಾಗಕ್ಕೆ ನುಗ್ಗುತ್ತದೆ. ಸೂಜಿಯನ್ನು ಹೊರಗೆ ತೆಗೆದು, ಗಾಳಿಯಲ್ಲಿ ಒತ್ತಿ ನೋಡಿ, ಬೇಕಾದರೆ ಬದಲಿಸಬೇಕು. ಸಿರಿಂಜ್‌ಗೆ ನೊರೆ ಎಳೆದುಕೊಂಡರೂ ಹೀಗೇ ಕಟ್ಟಿಕೊಳ್ಳುತ್ತದೆ.

ತುಟಿ, ಕಣ್ಣಿನ ಸುತ್ತ ಬೇಡವೇ ಬೇಡ. ಅಲ್ಲಿನ ಸ್ನಾಯು ಎಡೆಬಿಡದೆ ಚಲಿಸಿ ಕಣಗಳನ್ನು ಒಟ್ಟುಗೂಡಿಸುತ್ತದೆ, ಚರ್ಮವೂ ತೆಳು.

ಚುಚ್ಚಿದ ದಿನ ಕಾಣುವ ತುಂಬುಮುಖ ಬರೀ ನೀರಿನದು. ಕೆಲ ದಿನಗಳಲ್ಲಿ ಇಳಿಯುತ್ತದೆ, ನಿಜವಾದ ಫಲ ಕಾಣಲು ತಿಂಗಳುಗಳೇ ಬೇಕು. ಗಾಬರಿಯಾಗಿ "ಇನ್ನಷ್ಟು ಹಾಕಿ" ಎನ್ನಬೇಡಿ. ಎರಡು ಸರದಿಗಳ ನಡುವೆ 4–6 ವಾರ ಕಾಯಿರಿ. ಮನೆಯಲ್ಲಿ ಮಸಾಜ್‌ನ ಲೆಕ್ಕ ಸುಲಭ: 5 ನಿಮಿಷ, ದಿನಕ್ಕೆ 5 ಸಲ, 5 ದಿನ.

ಹಯಲುರಾನಿಕ್ ಜೆಲ್ ಕರಗಿಸಲು ಹಯಲುರೊನಿಡೇಸ್ ಎಂಬ ಔಷಧವಿದೆ, ಇದನ್ನು ಕರಗಿಸಲು ಅಂಥದ್ದಿಲ್ಲ, ಹಾಗಾಗಿ ಸ್ವಲ್ಪ ಕಡಿಮೆ ಹಾಕಿಸಿಕೊಂಡೇ ಶುರುಮಾಡಿ. ಕೀಲಾಯ್ಡ್ ಕಲೆ (ಗಾಯ ಮಾಗಿದ ಮೇಲೂ ಉಬ್ಬಿ ಬೆಳೆಯುವ ಕಲೆ) ಆಗುವ ಮೈಯಾಗಿದ್ದರೆ ಮೊದಲೇ ವೈದ್ಯರಿಗೆ ತಿಳಿಸಿ. ಚುಚ್ಚುವಾಗ ತಡೆಯಲಾರದ ನೋವು, ಬಿಳಿಚಿದ ಚರ್ಮ, ಕಣ್ಣು ಮಂಜು, ಇವುಗಳಲ್ಲಿ ಯಾವುದೇ ಬಂದರೂ ತಕ್ಷಣ ನಿಲ್ಲಿಸಲು ಹೇಳಿ. ಔಷಧ ರಕ್ತನಾಳಕ್ಕೆ ಹೋಗಿರಬಹುದು.